ಸಮಾಧಿಯ ಫೋಟೊ ಮನೆಯಲ್ಲಿಡಬಹುದೇ?

ಪ್ರಶ್ನೆ: ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದವಳು ನಾನು. ಮಗಳನ್ನು ನೋಡಲು ಲಂಡನ್ನಿಗೆ ಹೋದಾಗ ಹೈಗೇಟ್ ಸ್ಮಶಾನದಲ್ಲಿ ಕಾದಂಬರಿಗಾರ್ತಿ ಜಾರ್ಜ್ ಎಲಿಯಟ್ ಅವರ ಸಮಾಧಿಯ ಫೋಟೊ ತೆಗೆದೆ. ಒಂದಕ್ಕೆ ಕಟ್ಟು ಹಾಕಿಸಿದ್ದೇನೆ. ನಮ್ಮ ಅತ್ತೆಯವರು 'ಸ್ಮಶಾನದ ಪಟ ಮನೆಯೊಳಗೆ ಬೇಡ, ಫೋನಿನಲ್ಲಿರೋದನ್ನೂ ಅಳಿಸು' ಅಂತ ಊಟವನ್ನೇ ಸರಿಯಾಗಿ ಮಾಡುತ್ತಿಲ್ಲ. ಒಂದು ಫೋಟೊದಲ್ಲಿ ಹಿಂದುಗಡೆ ಹೊಸ ಗೋರಿಯ ಹತ್ತಿರ ಯಾರೋ ಅಳುತ್ತಾ ನಿಂತಿರುವುದೂ ಬಂದಿದೆ. ಇದಕ್ಕೆ ಸೂತಕ ಉಂಟೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ತಾಯೀ, ಸೂತಕ ಬರುವುದು ರಕ್ತಸಂಬಂಧದಿಂದ, ಶವಸ್ಪರ್ಶದಿಂದ, ಶವದ ಹಿಂದೆ ನಡೆಯುವುದರಿಂದ. ಸ್ಮಶಾನಕ್ಕೆ ಹೋಗಿ ಬಂದವರು ಉಟ್ಟ ಬಟ್ಟೆಯ ಸಮೇತ ಸ್ನಾನ ಮಾಡುವುದು ನಮ್ಮ ಪದ್ಧತಿ. ಅಂದು ಸಂಜೆ ಮಗಳ ಮನೆಯಲ್ಲಿ ಸ್ನಾನ ಮಾಡಿರುತ್ತೀರಿ, ಅಲ್ಲಿಗೆ ಅದು ಮುಗಿಯಿತು. ಕಾಗದಕ್ಕೆ ಮೈಲಿಗೆ ಅಂಟುವುದಿಲ್ಲ. ಮಂತ್ರಾಲಯದಲ್ಲಿ ನಾವು ಪ್ರದಕ್ಷಿಣೆ ಹಾಕುವುದೂ ಬೃಂದಾವನಕ್ಕೇ, ಸಿದ್ಧಗಂಗೆಯಲ್ಲಿ ಕೈಮುಗಿಯುವುದೂ ಗದ್ದುಗೆಗೇ. ಕವಿಶೈಲಕ್ಕೆ ಹೋದವರು ಕುವೆಂಪು ಸಮಾಧಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬರುತ್ತಾರೆ. ಯಾರ ಮನೆಯಲ್ಲೂ ಅದನ್ನು ಅಳಿಸು ಎಂದದ್ದು ನಾನು ಕೇಳಿಲ್ಲ.

ಆದರೆ ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ತೀರಿಕೊಂಡವರ ಪಟ ದೇವರ ಮನೆಯಲ್ಲಿ ಇಡಬಾರದು ಎಂಬ ರೂಢಿ ಇದೆ. ನಿಮ್ಮ ಪುಸ್ತಕದ ಕಪಾಟಿನಲ್ಲಿ, ಆಕೆಯ ಕಾದಂಬರಿಗಳ ಪಕ್ಕದಲ್ಲಿಡಿ. ಹಿರಿಯರ ಕಣ್ಣಿಗೂ ಬೀಳುವುದಿಲ್ಲ, ಪಟಕ್ಕೂ ಅದೇ ಸರಿಯಾದ ಜಾಗ.

ನೀವು ಕೊನೆಗೆ ಬರೆದ ಫೋಟೊ ಮಾತ್ರ ನನಗೆ ಚುಚ್ಚಿತು. ಹೈಗೇಟ್ ಬರೀ ನೋಡುವ ಜಾಗವಲ್ಲ. 1839ರಲ್ಲಿ ತೆರೆದ ಆ ಸ್ಮಶಾನದಲ್ಲಿ ಇವತ್ತಿಗೂ ಹೂಳುತ್ತಾರೆ. ಕಾರ್ಲ್ ಮಾರ್ಕ್ಸ್ ಸಮಾಧಿ ನೋಡಲು ಟಿಕೆಟ್ ಕೊಂಡು ಬಂದವರ ಪಕ್ಕದಲ್ಲೇ ಒಬ್ಬ ತಾಯಿ ಮಗನನ್ನು ಮಣ್ಣು ಮಾಡುತ್ತಿರಬಹುದು. ಪ್ಯಾರಿಸ್ಸಿನ ಪೇರ್ ಲಾಷೇಸ್‌ನಲ್ಲಿ ಆಸ್ಕರ್ ವೈಲ್ಡ್ ಸಮಾಧಿಗೆ ಅಭಿಮಾನಿಗಳು ಲಿಪ್‌ಸ್ಟಿಕ್ ಹಚ್ಚಿದ ತುಟಿಯಿಂದ ಮುತ್ತಿಟ್ಟು ಮುತ್ತಿಟ್ಟು, ಆ ಜಿಡ್ಡಿಗೆ ಕಲ್ಲೇ ಕೆಟ್ಟು, 2011ರಲ್ಲಿ ಸುತ್ತ ಗಾಜಿನ ತಡೆ ಹಾಕಬೇಕಾಯಿತು. ಭಕ್ತಿ ಹೆಚ್ಚಾದರೂ ಕಷ್ಟವೇ! ನಮ್ಮ ಅನೇಕ ಮಠಗಳಲ್ಲಿ ಒಳಗೆ ಫೋಟೊ ಬೇಡ ಎನ್ನುವುದನ್ನು ಒಪ್ಪುತ್ತೇವಲ್ಲ, ಅಲ್ಲಿಯ ಕಟ್ಟಳೆಯನ್ನೂ ಹಾಗೇ ಒಪ್ಪಬೇಕು. ಬಾಗಿಲಲ್ಲೇ ಕೇಳಿ, ಗೋರಿಯ ಮೇಲೆ ಕಾಲಿಡದೆ, ಶವಸಂಸ್ಕಾರ ನಡೆಯುತ್ತಿದ್ದರೆ ಫೋನನ್ನು ಚೀಲದಲ್ಲಿಟ್ಟು ದೂರ ಸರಿಯಬೇಕು. ಶಾಸ್ತ್ರದಲ್ಲಿ ಕ್ಯಾಮೆರಾದ ಮಾತಿಲ್ಲ, ನಿಜ. ಆದರೆ ಅಪರಿಚಿತರ ಕಣ್ಣೀರು ನಿಮ್ಮ ಫೋನಿನಲ್ಲಿರಲು ಅವರು ಒಪ್ಪಿರಲಿಲ್ಲ. ಅದೊಂದನ್ನು ಇವತ್ತೇ ಅಳಿಸಿ. ಅಳಿಸುವಾಗ ಅತ್ತೆಯವರನ್ನು ಪಕ್ಕಕ್ಕೆ ಕೂರಿಸಿಕೊಂಡು ಕಾರಣವನ್ನೂ ಹೇಳಿ.

ಹಾಗೆಯೇ ಆ ಹೆಂಗಸಿನ ಕಥೆಯನ್ನೂ ಅವರಿಗೆ ಹೇಳಿ. ಮದುವೆಯಾಗದೆ ಒಬ್ಬರೊಡನೆ ಬಾಳಿದಳೆಂದು ಆಕೆಯ ಸಮಾಜ ಬಾಗಿಲು ಮುಚ್ಚಿತು. 1880ರಲ್ಲಿ ತೀರಿಕೊಂಡಾಗ ದೊಡ್ಡ ಸಾಹಿತಿಗಳ ಸ್ಥಳವಾದ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಜಾಗ ಸಿಗಲಿಲ್ಲ. ಅಲ್ಲಿ ಆಕೆಯ ಹೆಸರಿನ ಕಲ್ಲು ಬಂದದ್ದು ನೂರು ವರ್ಷದ ಮೇಲೆ, 1980ರಲ್ಲಿ. ಮಡಿ-ಮೈಲಿಗೆ ನಮ್ಮಲ್ಲಿ ಮಾತ್ರ ಇದೆ ಅಂದುಕೊಳ್ಳುತ್ತೇವೆ, ಅಷ್ಟೆ.

ಆಕೆಗೆ ಸ್ವಂತ ಮಕ್ಕಳಿರಲಿಲ್ಲ. ನಿಮ್ಮ ಯಜಮಾನರು ಪಕ್ಷಮಾಸದಲ್ಲಿ ತರ್ಪಣ ಕೊಡುವವರಾದರೆ, ತಂದೆತಾಯಿಯ ಕಡೆಯವರೆಲ್ಲ ಆದಮೇಲೆ ಗುರು, ಆಚಾರ್ಯ, ಸ್ನೇಹಿತರ ಸರದಿ ಬರುತ್ತದೆ. ಬ್ರಹ್ಮನಿಂದ ಹುಲ್ಲುಕಡ್ಡಿಯವರೆಗೆ ಎಲ್ಲರಿಗೂ ನೀರು ಬಿಡುವ ಕರ್ಮ ಅದು, ಅನ್ಯಮತದವರೆಂಬ ಸಂಕೋಚ ಬೇಡ. ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರ ಹೇಳುವುದು ವಾಡಿಕೆ. ಪುರೋಹಿತರನ್ನು ಮೊದಲೇ ಕೇಳಿಕೊಳ್ಳಿ. ಹೆಸರು ಹೇಳುವಾಗ ಮಾತ್ರ ಜಾರ್ಜ್ ಎನ್ನಬೇಡಿ, ಅದು ಪುಸ್ತಕಕ್ಕೆಂದು ಇಟ್ಟುಕೊಂಡ ಗಂಡಸಿನ ಹೆಸರು. ಮೇರಿ ಆ್ಯನ್ ಎನ್ನಿ.