ಇಂದಿನ ಧಮ್ಮ ಚಿಂತನೆ: ದಿನಾ ತಿದ್ದಬೇಕಾದ ಗಡಿಯಾರ




ವಾಡಿಯ ನಮ್ಮ ಮನೆಯ ಗೋಡೆ ಗಡಿಯಾರ ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತಿತ್ತು. ಆಕಾಶವಾಣಿ ವಾರ್ತೆಗೆ ಮೊದಲು ಬರುವ 'ಪೀಪ್ ಪೀಪ್' ಸದ್ದಿಗೆ ಕಾದು ಕೂತು ಅಪ್ಪ ಮುಳ್ಳು ಸರಿ ಮಾಡುತ್ತಿದ್ದರು. ನಾನು ಗಡಿಯಾರಕ್ಕೆ ಬೈದರೆ, "ಬೈದ್ರ ಏನ್ ಬರ್ತದ? ಮುಳ್ಳು ತಿರುಗಿಸು" ಅನ್ನುತ್ತಿದ್ದರು.

ಆ ಸದ್ದಿನ ಹಿಂದೆ ದೊಡ್ಡ ಕಥೆಯಿದೆ. 1910ರಲ್ಲಿ ಪ್ಯಾರಿಸ್‌ನ ಐಫೆಲ್ ಗೋಪುರದಿಂದ ರೇಡಿಯೊ ಮೂಲಕ ಸಮಯ ಕಳಿಸತೊಡಗಿದರು. ನಡುಗಡಲಿನ ಹಡಗುಗಳೂ ಅದನ್ನು ಕೇಳಿ ಗಡಿಯಾರ ತಿದ್ದಿಕೊಂಡವು. ಭೂಮಧ್ಯರೇಖೆಯ ಬಳಿ ಬರೀ 4 ಸೆಕೆಂಡು ತಪ್ಪಿದರೂ ಹಡಗು ಎಲ್ಲಿದೆ ಎಂಬ ಲೆಕ್ಕ ಸುಮಾರು 2 ಕಿಲೋಮೀಟರ್ ತಪ್ಪುತ್ತದೆ. 1924ರಲ್ಲಿ ಬಿಬಿಸಿ ಆರು ಪೀಪ್‌ಗಳ ಸಂಕೇತ ಶುರು ಮಾಡಿತು. ನಮ್ಮ ರೈಲ್ವೆಯಲ್ಲೂ ದಿನಾ 16 ಗಂಟೆಗೆ ಮುಖ್ಯ ನಿಲ್ದಾಣಗಳಿಗೆ ಸರಿಯಾದ ಸಮಯ ತಿಳಿಸುವ ನಿಯಮವಿದೆ. ನಿನ್ನೆ ಸರಿ ಇತ್ತು ಅಂತ ಇವತ್ತು ಬಿಡುವಂತಿಲ್ಲ.

ಮನಸ್ಸೂ ಹಾಗೆಯೇ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಸಿಕ್ಕ ಅಶೋಕನ ಶಾಸನಗಳಲ್ಲಿ, ಒಡಿಶಾದ ಧೌಲಿಯಲ್ಲಿರುವ ವಿಶೇಷ ಶಾಸನಗಳೂ ಇವೆ. ಅಧಿಕಾರಿಗಳು ಅಸೂಯೆ, ಸಿಟ್ಟು, ಆತುರ, ಸೋಮಾರಿತನ ಬಿಡಬೇಕು, ಈ ಮಾತನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಮತ್ತೆ ಮತ್ತೆ ಕೇಳಬೇಕು ಎಂದು ಧೌಲಿಯ ಪಾಠ ಹೇಳುತ್ತದೆ. ಉಪೋಸಥದ ದಿನ ಭಿಕ್ಖು ಸಂಘ ಸೇರಿ ಪಾತಿಮೋಕ್ಖ ಪಠಿಸುವುದೂ ಇದಕ್ಕೇ. ತಪ್ಪಿದವರು ತಪ್ಪನ್ನು ಒಪ್ಪಿಕೊಂಡು ತಿದ್ದಿಕೊಳ್ಳುತ್ತಾರೆ.

ನನ್ನದೇ ಮಾತು ಹೇಳುತ್ತೇನೆ. ಹೊಲದ ಬದುವಿನ ಜಗಳದಲ್ಲಿ ಅಣ್ಣನ ಜೊತೆ ಒಂದು ವರ್ಷ ಮಾತು ಬಿಟ್ಟಿದ್ದೆ. ನನ್ನ ಗಡಿಯಾರವೇ ಸರಿ, ಅವನದೇ ತಪ್ಪು ಅಂದುಕೊಂಡಿದ್ದೆ. ಕಳೆದ ಹುಣ್ಣಿಮೆಗೆ ಪಂಚಶೀಲ ಹೇಳುವಾಗ ನಾಲ್ಕನೇ ಶೀಲಕ್ಕೆ ನಾಲಿಗೆ ತಡವರಿಸಿತು. ಅಣ್ಣನ ಬಗ್ಗೆ ಊರಲ್ಲಿ ಇಲ್ಲದ್ದು ಹೇಳಿದವನು ನಾನು.

ಮರುದಿನ ಚಿಂಚೋಳಿಗೆ ಹೋಗಿ, "ಅಣ್ಣಾ, ಸುಳ್ಳು ಹೇಳಿದ್ದು ನಂದೇ ತಪ್ಪು" ಅಂದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಒಳಗ ಬಾ ತಮ್ಮ, ಚಹಾ ಕುಡಿ" ಅಂದ. ಬದುವಿನ ತಕರಾರು ಇನ್ನೂ ಮುಗಿದಿಲ್ಲ. ಆದರೆ ಮಾತು ಶುರುವಾಗಿದೆ.

ಬಂಧುಗಳೇ, ಇವತ್ತು ಸಂಜೆ ಐದು ನಿಮಿಷ ಮೊಬೈಲ್ ಬದಿಗಿಟ್ಟು ಕೂಡೋಣ. ಯಾರ ಜೊತೆ ಎಷ್ಟು ಹಿಂದೆ ಬಿದ್ದಿದ್ದೇವೆ ಅಂತ ನೋಡಿಕೊಳ್ಳೋಣ. ಬೈದುಕೊಳ್ಳುವುದು ಬೇಡ, ಮುಳ್ಳು ತಿರುಗಿಸೋಣ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು 🙏