ಬಲೆ ಇಳಿಸಿ ತೋಪು ಹೊತ್ತ ದೋಣಿ

1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ ಬ್ರಿಟಿಷ್ ನೌಕಾಪಡೆಯು ನೂರಾರು ಟ್ರಾಲರ್‌ಗಳನ್ನು, ಅಂದರೆ ಕಡಲತಳದಲ್ಲಿ ಬಲೆ ಎಳೆದು ಮೀನು ಹಿಡಿಯುವ ಹಡಗುಗಳನ್ನು, ಇಂಗ್ಲೆಂಡಿನ ಲೋವೆಸ್ಟಾಫ್ಟ್ ಬಂದರನ್ನು ನೆಲೆಯಾಗಿಸಿಕೊಂಡು ಗಸ್ತಿಗೆ ಹಚ್ಚಿತು. ಮೂತಿಯಲ್ಲಿ ತೋಪು ಕುಳಿತಿತು, ಬಲೆ ಎಳೆಯುತ್ತಿದ್ದ ವಿಂಚ್ ಯಂತ್ರವೇ ನೀರಿನಡಿಯ ಮೈನುಗಳ, ಎಂದರೆ ಹುದುಗಿಸಿಟ್ಟ ಸ್ಫೋಟಕಗಳ, ಕಟ್ಟನ್ನು ಕತ್ತರಿಸುವ ಉಕ್ಕಿನ ಹಗ್ಗವನ್ನು ಎಳೆಯತೊಡಗಿತು, ನಡೆಸುವವರಲ್ಲಿ ಬಹಳಷ್ಟು ಮಂದಿ ಹಳೆಯ ಮೀನುಗಾರರೇ ಆಗಿದ್ದರು.

ಅನ್ನದ ಸಾಧನ ಹಿಂಸೆಯ ಸಾಧನವಾಯಿತೆಂದು ಮರುಗುವುದು ಸುಲಭ, ಆದರೆ ಜೈನ ಆಚಾರಶಾಸ್ತ್ರ ಅಷ್ಟು ಬೇಗ ಮರುಗಲು ಬಿಡುವುದಿಲ್ಲ. ಅದು ಹಿಂಸೆಯನ್ನು ಸಂಕಲ್ಪೀ (ಬೇಕೆಂದೇ ಕೊಲ್ಲುವುದು), ಆರಂಭೀ (ಗೃಹಕೃತ್ಯದಲ್ಲಿ ಆಗುವುದು), ಉದ್ಯೋಗೀ (ವೃತ್ತಿಯಲ್ಲಿ ತಪ್ಪದ್ದು), ವಿರೋಧೀ (ಆತ್ಮರಕ್ಷಣೆಯದು) ಎಂದು ನಾಲ್ಕಾಗಿ ವಿಂಗಡಿಸಿ, ಶ್ರಾವಕನಿಗೆ, ಅಂದರೆ ಗೃಹಸ್ಥನಿಗೆ, ಮೊದಲನೆಯದನ್ನು ಮಾತ್ರ ಪೂರ್ಣವಾಗಿ ನಿಷೇಧಿಸುತ್ತದೆ; ಮೀನು ಹಿಡಿಯುವುದು ವೃತ್ತಿಯಾದರೂ ಬೇಕೆಂದೇ ಕೊಲ್ಲುವುದಾಗಿ ಆ ನಿಷೇಧಕ್ಕೆ ಸೇರುವುದರಿಂದ, ಬಲೆ ಹೊತ್ತ ದೋಣಿಗೆ ಇಲ್ಲದ ರಿಯಾಯಿತಿ ತೀರ ಕಾಯುವ ತೋಪಿನ ದೋಣಿಗೆ ದೊರೆಯುತ್ತದೆ. ಮೀನುಗಾರನಿಗೆ ಈ ಲೆಕ್ಕ ನಿರ್ದಯವೆನಿಸಿದರೆ ಅಚ್ಚರಿಯಿಲ್ಲ.

ಈ ಲೆಕ್ಕಕ್ಕೆ ಎದುರಾಗಿ, ಅಂಬಿಗರ ಚೌಡಯ್ಯನಂಥ ದೋಣಿ ನಡೆಸುವವನನ್ನೂ ಶರಣನೆಂದು ಕಂಡ ಹನ್ನೆರಡನೆಯ ಶತಮಾನದ ಕಾಯಕತತ್ತ್ವ, ಅಂದರೆ ದುಡಿಮೆಯೇ ಪೂಜೆಯೆಂಬ ನಿಲುವು, ಕಸುಬಿನ ಮೇಲುಕೀಳನ್ನು ಅಳಿಸಿತು. ಸಾಧನವು ಇನ್ನೊಬ್ಬರ ಆಜ್ಞೆಯಿಂದ ಬೇರೆ ಕೆಲಸಕ್ಕೆ ಹೋದಾಗ ಕಾಯಕ ಯಾರದೆಂಬುದು ಮಾತ್ರ ಬಿಡಿಸಬೇಕಾದ ತೊಡಕು. ಮಹಾನವಮಿಯ ದಿನ ಬೆಂಗಳೂರಿನ ರಾಜಾಜಿನಗರದ ಕಾರ್ಖಾನೆಗಳಲ್ಲಿ ಲೇತ್ ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ, ಕುಂಕುಮ ತುಂಬಿದ ಬೂದುಗುಂಬಳ ಒಡೆಯುವಾಗಲೂ ಅದರಲ್ಲಿ ಕಡೆದ ಬಿಡಿಭಾಗ ನೀರೆತ್ತುವ ಪಂಪಿಗೋ ಫಿರಂಗಿಗೋ ಎಂದು ಯಾರೂ ವಿಚಾರಿಸುವುದಿಲ್ಲ. ಪೂಜೆ ಯಂತ್ರಕ್ಕೆ ಸಲ್ಲುತ್ತದೆ, ಹೊಣೆ ಅದನ್ನು ನಡೆಸುವವನಲ್ಲೂ ನಡೆಸಲು ಹೇಳಿದವನಲ್ಲೂ ಉಳಿಯುತ್ತದೆ.