ಹೇಗಿದ್ರೂ ಕ್ಲೇಮ್ ಹಾಕ್ತಿದೀರಲ್ಲ ಸಾರ್

ಹೋದ ವರ್ಷ ಯುಗಾದಿ ಮುಗಿಸಿಕೊಂಡು ಊರಿಂದ ಬೆಂಗಳೂರಿಗೆ ವಾಪಸ್ ಬರ್ತಿದ್ದೆ. ಕುಣಿಗಲ್ ದಾಟಿದ ಮೇಲೆ ಮುಂದೊಂದು ಟಿಪ್ಪರ್. ಜಲ್ಲಿ ತುಂಬಿಕೊಂಡಿದೆ, ಮೇಲೆ ಟಾರ್ಪಾಲು ಇಲ್ಲ. ಓವರ್‌ಟೇಕ್ ಮಾಡೋಣ ಅಂತ ಬಲಕ್ಕೆ ಎಳೆಯುವಷ್ಟರಲ್ಲಿ 'ಟಕ್' ಅಂತ ಒಂದು ಸದ್ದು. ನೋಡಿದ್ರೆ ಮುಂದಿನ ಗಾಜಿನ ಎಡಗಡೆ ಕಡ್ಲೆಕಾಳಿನಷ್ಟು ಒಂದು ಗುರುತು. ಇಷ್ಟೇ ತಾನೆ ಅಂದುಕೊಂಡು ಏಸಿ ಜಾಸ್ತಿ ಮಾಡಿದೆ. ಹೊರಗೆ ಬಿಸಿಲು, ಒಳಗೆ ತಣ್ಣಗೆ. ನೆಲಮಂಗಲ ಬರುವಷ್ಟರಲ್ಲಿ ಕಡ್ಲೆಕಾಳಿಗೆ ಒಂದು ಗೇಣುದ್ದ ಬಾಲ ಬಂದಿತ್ತು. ಮಾರನೇ ದಿನ ಬೆಳಿಗ್ಗೆ ಅದು ನನ್ನ ಕಣ್ಣೆದುರಿಗೇ ಬಂದು ನಿಂತಿತ್ತು.

ಗ್ಯಾರೇಜಿಗೆ ತಗೊಂಡು ಹೋದೆ. ಅಲ್ಲಿನ ಹುಡುಗ ನೋಡಿ ಹೇಳಿದ: "ಸಾರ್, ರೂಪಾಯಿ ಕಾಯಿನ್‌ಗಿಂತ ಚಿಕ್ಕದಿದ್ದಾಗಲೇ ಬಂದಿದ್ರೆ ರೆಸಿನ್ ತುಂಬಿ ನಿಲ್ಲಿಸ್ಬೋದಿತ್ತು. ಈಗ ಪೂರ್ತಿ ಗಾಜೇ ಬದಲಾಯಿಸ್ಬೇಕು." ಎಲ್ಲಾ ಸೇರಿ 8,400 ರೂಪಾಯಿ. ಆಮೇಲೆ ಕಾರನ್ನ ಒಂದು ಸುತ್ತು ಹಾಕಿ ಬಂದ. ಬಂಪರ್ ಹತ್ತಿರ ಕೂತು ಕೈಯಾಡಿಸಿದ. "ಇದೇನು ಸಾರ್?"

ಅದೇ ಈ ಬರಹದ ತಾಪತ್ರಯ.

ಬಂಪರ್ ಒಡೆದಿದ್ದು, ಒಂದು ಹೆಡ್‌ಲೈಟ್ ಸೀಳಿದ್ದು ಟಿಪ್ಪರ್‌ನಿಂದಲ್ಲ. ಹಬ್ಬದ ದಿನ ಸಂಜೆ ಅಣ್ಣನ ಮಗ "ಚಿಕ್ಕಪ್ಪ, ಒಂದೇ ಒಂದ್ ರೌಂಡು" ಅಂದ. ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿಸಿದ ಹುಡುಗ, ವಯಸ್ಸು ಹದಿನೇಳು. ಕೀ ಕೊಟ್ಟವನು ನಾನೇ. ಕ್ಲಚ್ ಬಿಟ್ಟ ರಭಸಕ್ಕೆ ಕಾರು ನೆಗೆದು ಕಣದ ಮೂಲೆಯ ಕಲ್ಲುಕಂಬಕ್ಕೆ ಹೋಗಿ ಗುದ್ದಿತು. ಹುಡುಗನ ಮುಖ ಸುಣ್ಣದ ಹಾಗೆ ಬೆಳ್ಳಗಾಯ್ತು. ಅವರಪ್ಪ ಬೈಯೋಕೆ ಮೊದಲೇ ನಾನು "ಹೋಗ್ಲಿ ಬಿಡಣ್ಣ, ನಂದೇ ತಪ್ಪು" ಅಂದುಬಿಟ್ಟೆ.

ಬಂಪರ್, ಹೆಡ್‌ಲೈಟ್, ಪೇಂಟಿಂಗ್ ಎಲ್ಲಾ ಸೇರಿ 23,000. ಲೈಸೆನ್ಸ್ ಇಲ್ಲದವನು ಓಡಿಸಿದ್ದರೆ ಇನ್ಶೂರೆನ್ಸ್ ಒಂದು ಪೈಸೆ ಕೊಡಲ್ಲ, ಅದು ನನಗೂ ಗೊತ್ತು, ಆ ಗ್ಯಾರೇಜಿನ ಹುಡುಗನಿಗೂ ಗೊತ್ತು. ಅವನು ತಲೆ ಕೆಡಿಸಿಕೊಳ್ಳಲೇ ಇಲ್ಲ. "ಸಾರ್, ಬರೀ ಗಾಜಿಗೆ ಕ್ಲೇಮ್ ಹಾಕಿದ್ರೂ ನಿಮ್ಮ ಎನ್‌ಸಿಬಿ ಹೋಗುತ್ತೆ. ಹೋಗೋದು ಹೇಗೂ ಹೋಗುತ್ತೆ. ಹೇಗಿದ್ರೂ ಕ್ಲೇಮ್ ಹಾಕ್ತಿದೀರಲ್ಲ, ಎಲ್ಲಾ ಒಂದರಲ್ಲೇ ಸೇರಿಸಿಬಿಡೋಣ. ನಾಯಿ ಅಡ್ಡ ಬಂತು, ಕಂಬಕ್ಕೆ ಗುದ್ದಿದ್ರಿ, ಅದೇ ಏಟಿಗೆ ಗಾಜೂ ಬಿರುಕು ಬಿಡ್ತು. ಎಲ್ರೂ ಹೀಗೇ ಮಾಡೋದು."

ಎನ್‌ಸಿಬಿ ಅಂದ್ರೆ ನೋ ಕ್ಲೇಮ್ ಬೋನಸ್. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಕಾರಿನ ಸ್ವಂತ ಹಾನಿಯ ಪ್ರೀಮಿಯಂನಲ್ಲಿ 20% ರಿಯಾಯಿತಿ. ಆಮೇಲೆ ವರ್ಷ ವರ್ಷ 25, 35, 45 ಅಂತ ಏರಿ ಕೊನೆಗೆ 50ಕ್ಕೆ ನಿಲ್ಲುತ್ತೆ. ಬೇರೆ ಆಡ್ ಆನ್ ತಗೊಂಡಿಲ್ಲದಿದ್ದರೆ ಒಂದು ಕ್ಲೇಮ್‌ಗೆ ಎಲ್ಲಾ ಸೊನ್ನೆ. ನಾನು 35ರಲ್ಲಿದ್ದೆ. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾನು "ಹೂಂ, ಹಾಗೇ ಮಾಡಪ್ಪ" ಅಂದೆ. ಯಾರ ಜೇಬಿಗೂ ಕೈ ಹಾಕಿದ ಹಾಗೆ ಅನ್ನಿಸಲಿಲ್ಲ. ಏಟು ನಿಜ, ಕಾರು ನನ್ನದು, ವರ್ಷಾ ವರ್ಷಾ ಕಟ್ಟಿದ ದುಡ್ಡು ನನ್ನದು. ಕತೆ ಒಂದು ಮಾತ್ರ ಬೇರೆ.

ರಾತ್ರಿ ಊರಿಂದ ಹುಡುಗನ ಫೋನು.

"ಚಿಕ್ಕಪ್ಪ, ಬಂಪರ್‌ಗೆ ಎಷ್ಟಾಯ್ತು?"

"ನೀನ್ಯಾಕೆ ತಲೆ ಕೆಡಿಸ್ಕೊತೀಯ? ಇನ್ಶೂರೆನ್ಸಲ್ಲಿ ಹೋಗುತ್ತೆ."

"ಲೈಸೆನ್ಸ್ ಇಲ್ದೋರು ಓಡ್ಸಿದ್ರೆ ಕೊಡಲ್ವಂತಲ್ಲ?"

"ನೀನೆಲ್ಲಿ ಓಡ್ಸಿದ್ದು? ನಾನೇ ಓಡ್ಸಿದ್ದು. ಯಾರಾದ್ರೂ ಕೇಳಿದ್ರೆ ಹಾಗೇ ಹೇಳು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಹೂಂ ಚಿಕ್ಕಪ್ಪ" ಅಂದ. ಆ 'ಹೂಂ' ಬೆಳಿಗ್ಗೆ ನಾನು ಗ್ಯಾರೇಜಲ್ಲಿ ಅಂದ 'ಹೂಂ' ಥರಾನೇ ಇತ್ತು.

ನನಗೆ ನಿದ್ದೆ ಬರಲಿಲ್ಲ. ದುಡ್ಡಿನ ಯೋಚನೆಗಲ್ಲ, ಭಯಕ್ಕೂ ಅಲ್ಲ.

ಪ್ರೈಮರಿ ಸ್ಕೂಲಲ್ಲಿ ಎಲ್ಲರೂ ಕೇಳಿದ ಕತೆ ಇದೆಯಲ್ಲ, ವ್ಯಾಸರಾಯರು ಶಿಷ್ಯರಿಗೆಲ್ಲ ಒಂದೊಂದು ಬಾಳೆಹಣ್ಣು ಕೊಟ್ಟು ಯಾರೂ ನೋಡದ ಜಾಗದಲ್ಲಿ ತಿಂದು ಬನ್ನಿ ಅಂದದ್ದು. ಉಳಿದವರೆಲ್ಲ ತಿಂದು ಬಂದರು, ಕನಕ ಮಾತ್ರ ಹಣ್ಣು ಹಾಗೇ ವಾಪಸ್ ತಂದ, ದೇವರಿಲ್ಲದ ಜಾಗವೇ ಸಿಗಲಿಲ್ಲ ಅಂದ. ಇಂಜಿನಿಯರಿಂಗ್ ಸೇರಿದ ಮೇಲೆ ಈ ಕತೆ ನನಗೆ ಅಷ್ಟಾಗಿ ರುಚಿಸ್ತಿರಲಿಲ್ಲ. ದೇವರು ನೋಡ್ತಾನೆ ಅಂತ ಒಳ್ಳೆಯವನಾಗಿರೋದಕ್ಕೂ ಸಿಸಿಟಿವಿ ಇದೆ ಅಂತ ಹೆಲ್ಮೆಟ್ ಹಾಕೋದಕ್ಕೂ ಏನು ವ್ಯತ್ಯಾಸ ಅಂತ ಹಾಸ್ಟೆಲಲ್ಲಿ ವಾದ ಮಾಡಿದ್ದೆ. ಆ ರಾತ್ರಿ ಅನ್ನಿಸಿತು, ದೇವರನ್ನ ಪಕ್ಕಕ್ಕಿಟ್ಟರೂ ಕತೆ ನಿಲ್ಲುತ್ತೆ. ಯಾರೂ ನೋಡದ ಜಾಗ ಅಂದುಕೊಂಡು ನಾನು ಹಣ್ಣು ಸುಲಿದಿದ್ದೆ. ಅಲ್ಲೊಬ್ಬ ಹದಿನೇಳರ ಹುಡುಗ ನಿಂತಿದ್ದ. ಸಾಲದ್ದಕ್ಕೆ ಅರ್ಧ ಹಣ್ಣು ಅವನ ಬಾಯಿಗೂ ತುರುಕಿದ್ದೆ.

ಆದರೆ ಇದನ್ನ ಇಷ್ಟಕ್ಕೇ ಬಿಟ್ಟರೆ ಮೋಸ ಆಗುತ್ತೆ. ಹುಡುಗನಿಗೆ ಗೊತ್ತಿರದಿದ್ದರೆ? ನಾನೇ ಗುದ್ದಿಕೊಂಡು ನಾನೇ ಕತೆ ಕಟ್ಟಿದ್ದರೆ ಸರಿಯಾಗ್ತಿತ್ತಾ?

ಇದಕ್ಕೆ ನನಗೆ ಉತ್ತರ ಸಿಕ್ಕಿದ್ದು ಊರಿನ ಮುಯ್ಯಾಳಿನಲ್ಲಿ. ನಾನು ಚಿಕ್ಕವನಿದ್ದಾಗ ನಮ್ಮಲ್ಲಿ ನಾಟಿಗೆ ಕೂಲಿ ಕೊಡ್ತಿದ್ದದ್ದು ಕಮ್ಮಿ. ಇವತ್ತು ನಮ್ಮ ಮನೆಯಿಂದ ಇಬ್ಬರು ನಿಮ್ಮ ಗದ್ದೆಗೆ, ನಾಡಿದ್ದು ನಿಮ್ಮನೆಯಿಂದ ಇಬ್ಬರು ನಮ್ಮ ಗದ್ದೆಗೆ. ಪುಸ್ತಕ ಇಲ್ಲ, ಸಹಿ ಇಲ್ಲ, ಆದರೂ ಲೆಕ್ಕ ತಪ್ತಿರಲಿಲ್ಲ. ಮೈ ಹುಷಾರಿಲ್ಲ ಅಂತ ಸುಳ್ಳು ಹೇಳಿ ಸಂತೆಗೆ ಹೋದವನ ಬಗ್ಗೆ ಅಪ್ಪ ಒಮ್ಮೆ ಅಂದಿದ್ದು ನೆನಪಿದೆ: "ಅವ್ನು ನಂಗೆ ಮೋಸ ಮಾಡ್ಲಿಲ್ಲ ಕಣಪ್ಪ. ಅವ್ನ ಪಾಲಿನ ಸಾಲು ಯಾರೋ ಹೆಂಗ್ಸು ಬಗ್ಗಿ ನೆಟ್ಳಲ್ಲ, ಅವ್ಳಿಗ್ ಮಾಡ್ದ."

ಇನ್ಶೂರೆನ್ಸ್ ಅಂದರೆ ಗುರುತಿಲ್ಲದವರ ಜೊತೆಗಿನ ಮುಯ್ಯಾಳು. ನಾವೆಲ್ಲ ಒಂದು ಕಡೆ ದುಡ್ಡು ಹಾಕ್ತೀವಿ, ಕಲ್ಲು ಬಿದ್ದವನು ತಗೋತಾನೆ. ಕಂಪನಿ ಅನ್ನೋದು ನಡುವೆ ನಿಂತು ಲಾಭ ಇಟ್ಟುಕೊಳ್ಳುವ ಮೇಸ್ತ್ರಿ. ನಾನು 23,000 ಸುಳ್ಳು ಬಿಲ್ ಮಾಡಿದರೆ ಮೇಸ್ತ್ರಿ ತನ್ನ ಜೇಬಿಂದ ಕೊಡಲ್ಲ, ಮುಂದಿನ ವರ್ಷದ ಪ್ರೀಮಿಯಂನಲ್ಲಿ ಎತ್ತುತ್ತಾನೆ. ಕೊಡುವವನು ನನ್ನ ಹಾಗೇ ಇಎಂಐ ಕಟ್ಟುವ ಇನ್ನೊಬ್ಬ. ಅವನ ಮುಖ ನನಗೆ ಕಾಣಲ್ಲ. ಕಾಣದಿರೋದರಿಂದಲೇ ಯಾರ ಜೇಬಿಗೂ ಕೈ ಹಾಕಿದ ಹಾಗೆ ಅನ್ನಿಸಿರಲಿಲ್ಲ.

ಕಂಪನಿಗಳೇನು ಸಾಚಾನಾ ಅಂತ ನೀವು ಕೇಳಬಹುದು. ನ್ಯಾಯವಾದ ಕ್ಲೇಮ್‌ಗೂ ಸಣ್ಣ ಅಕ್ಷರ ತೋರಿಸಿ ಕೈ ಎತ್ತುವವರಿದ್ದಾರೆ, ನಿಜ. 1766ರಲ್ಲಿ ಇಂಗ್ಲೆಂಡಿನಲ್ಲಿ ಕಾರ್ಟರ್ ಮತ್ತು ಬೋಹ್ಮ್ ಅನ್ನೋರ ನಡುವೆ ಒಂದು ವಿಮೆಯ ವ್ಯಾಜ್ಯ ನಡೆಯಿತು. ತೀರ್ಪು ಕೊಟ್ಟ ಲಾರ್ಡ್ ಮ್ಯಾನ್ಸ್‌ಫೀಲ್ಡ್, ವಿಮೆ ನಿಂತಿರೋದೇ ನಂಬಿಕೆಯ ಮೇಲೆ, ತನಗೊಬ್ಬನಿಗೇ ಗೊತ್ತಿರೋದನ್ನ ಮುಚ್ಚಿಡಬಾರದು, ಈ ಮಾತು ಎರಡೂ ಕಡೆಯವರಿಗೂ ಅನ್ವಯ ಅಂದ. ಆ ವ್ಯಾಜ್ಯದಲ್ಲಿ ಸೋತವನು ವಿಮೆ ಕೊಟ್ಟವನೇ. ಕಂಪನಿ ಮಾತು ತಪ್ಪಿದರೆ ಜಗಳ ಆಡಬೇಕು, ಬೆಂಗಳೂರಲ್ಲೇ ವಿಮಾ ಲೋಕಪಾಲರ ಕಚೇರಿ ಇದೆ, ದೂರು ಕೊಡಬೇಕು. ಮೇಸ್ತ್ರಿ ಕಳ್ಳ ಅಂತ ಪಕ್ಕದ ಸಾಲಿನ ಹೆಂಗಸಿನ ಬೆನ್ನ ಮೇಲೆ ಭಾರ ಹಾಕೋದು ಅದಕ್ಕೆ ಪರಿಹಾರ ಅಲ್ಲ.

ಬೆಳಿಗ್ಗೆ ಗ್ಯಾರೇಜಿಗೆ ಫೋನ್ ಮಾಡಿ ಗಾಜು ಒಂದಕ್ಕೇ ಹಾಕಪ್ಪ ಅಂದೆ. "ಯಾಕ್ ಸಾರ್, ಭಯಾನಾ?" ಅಂದ. ಹೌದು ಅಂದೆ. ಅದು ಹೇಳೋಕೆ ಸುಲಭ ಇತ್ತು. ಗಾಜಿನ ಭಾಗಗಳಿಗೆ ಸವಕಳಿ ಹಿಡಿಯಲ್ಲ, ಹಾಗಾಗಿ 1,000 ರೂಪಾಯಿ ಕಡ್ಡಾಯ ಪಾಲು ಬಿಟ್ಟು ಮಿಕ್ಕಿದ್ದು ಬಂತು. ಎನ್‌ಸಿಬಿ ಹೋಯ್ತು.

ಗಾಜು ಹಾಕುವಾಗ ಅಲ್ಲೇ ನಿಂತು ನೋಡಿದೆ. ಹಳೇದನ್ನ ಕಿತ್ತರೆ ಅಷ್ಟುದ್ದ ಬಿರುಕು ಬಿಟ್ಟಿದ್ದರೂ ಒಂದು ಚೂರೂ ಉದುರಲಿಲ್ಲ. ಎರಡು ಗಾಜಿನ ಹಾಳೆಗಳ ನಡುವೆ ಒಂದು ತೆಳು ಪ್ಲಾಸ್ಟಿಕ್ ಪದರ ಇರುತ್ತೆ, ಒಡೆದರೂ ಅದು ಹಿಡಿದುಕೊಳ್ಳುತ್ತೆ. ಪಕ್ಕದ ಕಿಟಕಿಗಳದ್ದು ಬೇರೆ ಥರದ ಗಾಜು, ಒಡೆದರೆ ಪುಡಿಪುಡಿ. ಸುತ್ತ ಅಂಟು ಹಚ್ಚಿ ಹೊಸದನ್ನ ಕೂರಿಸಿದ ಮೇಲೆ ಮೆಕ್ಯಾನಿಕ್ ಹೇಳಿದ: "ಅಂಟು ಗಟ್ಟಿಯಾಗೋ ತನಕ ಗಾಡಿ ತೆಗೀಬೇಡಿ. ಇವತ್ತೆಲ್ಲ ಡೋರ್ ಜೋರಾಗಿ ಹಾಕ್ಬೇಡಿ, ಒಂದು ಕಿಟಕಿ ಸ್ವಲ್ಪ ಇಳಿಸಿರಿ. ಏರ್‌ಬ್ಯಾಗ್ ಬಿಚ್ಚಿದ್ರೆ ಈ ಗಾಜೇ ಅದಕ್ಕೆ ಆಸರೆ." ಹಳೇ ಗಾಜಿನ ಜೊತೆ ಫಾಸ್ಟ್ಯಾಗೂ ಹೋಯ್ತು. ಒಂದು ಸಲ ಕಿತ್ತರೆ ಮತ್ತೆ ಅಂಟಿಸೋಕೆ ಬರಲ್ಲ, ಹೊಸದು ತಗೋಬೇಕು.

ಆವತ್ತೇ ಊರಿಗೆ ಫೋನ್ ಮಾಡಿದೆ. "ನಿನ್ನೆ ಹೇಳಿದ್ದು ಬಿಟ್ಬಿಡು. ಯಾರಾದ್ರೂ ಕೇಳಿದ್ರೆ ನಡೆದಿದ್ದೇ ಹೇಳು. ಕೀ ಕೊಟ್ಟಿದ್ದು ನಾನು ಅಂತಾನೂ ಹೇಳು." ಹುಡುಗ ನಕ್ಕ. "ಯಾರೂ ಕೇಳಲ್ಲ ಬಿಡಿ ಚಿಕ್ಕಪ್ಪ" ಅಂದ. ಆಮೇಲೆ, "ಲೈಸೆನ್ಸ್ ಮಾಡಿಸ್ದ ಮೇಲೆ ಇನ್ನೊಂದ್ಸಲ ಕೊಡ್ತೀರ ತಾನೆ?"

ಹೆಡ್‌ಲೈಟನ್ನ ಜೆ.ಸಿ. ರೋಡಲ್ಲಿ ಹುಡುಕಿ ಹಾಕಿಸಿದೆ. ಬಂಪರ್ ಈಗಲೂ ಹಾಗೇ ಇದೆ. ಆಫೀಸಿನ ಪಾರ್ಕಿಂಗಲ್ಲಿ ಕೇಳಿದವರಿಗೆ ಊರಲ್ಲಿ ಕಂಬಕ್ಕೆ ತಗುಲಿತು ಅಂತೀನಿ.

ಇಷ್ಟೆಲ್ಲ ಬರೆದು ನಾನು ಹರಿಶ್ಚಂದ್ರ ಆಗಿಬಿಟ್ಟೆ ಅಂದುಕೋಬೇಡಿ. ಪ್ರತಿ ಜನವರಿ ಪ್ರೂಫ್ ಸಬ್‌ಮಿಟ್ ಮಾಡಿ ಅಂತ ಎಚ್‌ಆರ್ ಮೇಲ್ ಬರುತ್ತೆ. ಪಕ್ಕದ ಸೀಟಿನವನ ಪೆಟ್ರೋಲ್ ಬಿಲ್ಲುಗಳನ್ನ ನನ್ನದರ ಜೊತೆ ಸೇರಿಸಿ ಕಳಿಸಿ ಅಭ್ಯಾಸ ನನಗೆ. ಐದಾರು ವರ್ಷದಿಂದ ನಡೆದಿದೆ, ಒಂದು ದಿನಾನೂ ನಿದ್ದೆ ಕೆಟ್ಟಿಲ್ಲ. ಅಲ್ಲಿ ಹುಡುಗನೂ ಇಲ್ಲ, ಬಗ್ಗಿ ನಾಟಿ ಹಾಕುವ ಹೆಂಗಸೂ ಕಾಣಲ್ಲ. ಈ ಸಲದ ಮೇಲ್ ಬಂದು ನಾಲ್ಕು ದಿನ ಆಯ್ತು. ಬಿಲ್ಲುಗಳು ಡ್ರಾಯರ್‌ನಲ್ಲೇ ಇವೆ, ಕೊನೇ ದಿನಾಂಕ ಶುಕ್ರವಾರ.